ಕೋಣೆಯ ಗಾಳಿಗೆ ಯಾವ ಮೀಟರು?

ಬಯಲುಸೀಮೆಯ ಊರುಗಳಲ್ಲಿ ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿಡುತ್ತಿದ್ದ ಕಾಲದಲ್ಲಿ ಅದರೊಳಗೆ ಇಳಿಯುವುದಕ್ಕೊಂದು ಕ್ರಮವಿತ್ತು. ಮೊದಲು ಬಾಯಿ ತೆಗೆದು ಒಂದಷ್ಟು ಹೊತ್ತು ಗಾಳಿಯಾಡಲು ಬಿಡಬೇಕು. ಆಮೇಲೆ ಹಗ್ಗಕ್ಕೆ ಕಟ್ಟಿದ ದೀಪವನ್ನು ಕೆಳಗಿಳಿಸಿ ನೋಡಬೇಕು. ದೀಪ ಉರಿಯುತ್ತಿದ್ದರೆ ಆಳು ಇಳಿಯಬಹುದು, ಆರಿದರೆ ಇನ್ನೂ ಕಾಯಬೇಕು. ನೆಲದಡಿಯಲ್ಲಿ ಕಾಳು ಸುಮ್ಮನೆ ಬಿದ್ದಿರುವುದಿಲ್ಲ, ಅದೂ ಉಸಿರಾಡುತ್ತದೆ. ಜೊತೆಗಿರುವ ಹುಳು, ಬೂಷ್ಟುಗಳೂ ಉಸಿರಾಡುತ್ತವೆ. ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಹುಳು ಸತ್ತು ಕಾಳು ಉಳಿಯುವುದಕ್ಕೆ ಅದೇ ಕಾರಣ. ಅವಸರಪಟ್ಟು ಇಳಿದವರ ಜೀವಕ್ಕೆ ಎರವಾಗುವುದೂ ಅದೇ.

ದೀಪ ಒರಟು ಮಾಪಕ. ಗಾಳಿಯಲ್ಲಿ ಶೇ 21ರಷ್ಟಿರುವ ಆಮ್ಲಜನಕ ಸುಮಾರು ಶೇ 16ಕ್ಕೆ ಇಳಿಯುವವರೆಗೂ ಅದು ಉರಿಯುತ್ತಲೇ ಇರುತ್ತದೆ. ಈಗ ಅಂಗೈಯಗಲದ ಪೆಟ್ಟಿಗೆಯೊಂದು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್‌ನ ಪಾಲು ಎಷ್ಟೆಂದು, ಅಂದರೆ ಎಷ್ಟು ಪಿಪಿಎಂ ಎಂದು, ಅಂಕಿಯಲ್ಲೇ ತೋರಿಸುತ್ತದೆ. ಆನ್‌ಲೈನಿನಲ್ಲಿ ತರಿಸಿಕೊಂಡರೆ ಚನ್ನಗಿರಿಗೂ ಬರುತ್ತದೆ, ಜಗಳೂರಿಗೂ ಬರುತ್ತದೆ. ಆದರೆ ಆ ಅಂಕಿ ಹೇಳುವುದೇನು, ಹೇಳದೆ ಬಿಡುವುದೇನು ಎಂಬುದು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ದಾವಣಗೆರೆ ಜಿಲ್ಲೆಯ ಒಂದೇ ಮನೆಯಲ್ಲಿ ಮಲಗುವ ಕೋಣೆಯ ಗಾಳಿ ಒಂದು ಬಗೆ, ಅಡುಗೆಮನೆಯದು ಇನ್ನೊಂದು, ಬಚ್ಚಲುಮನೆಯದು ಮತ್ತೊಂದು. ಮೂರಕ್ಕೂ ಒಂದೇ ಮೀಟರು ಸಾಲದು.

ಮಲಗುವ ಕೋಣೆಯಿಂದಲೇ ಶುರುಮಾಡೋಣ. ಮನುಷ್ಯ ಹೊರಬಿಡುವ ಉಸಿರಿನಲ್ಲಿ ಸುಮಾರು ಶೇ 4ರಷ್ಟು, ಅಂದರೆ 40,000 ಪಿಪಿಎಂ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಹೊರಗಿನ ಗಾಳಿಯಲ್ಲಿರುವುದು ಅದರ ನೂರನೇ ಒಂದು ಪಾಲು. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆಯಲು ತೊಡಗಿದಾಗ ಅದು ಸುಮಾರು 315 ಪಿಪಿಎಂ ಇತ್ತು. 2025ರ ಮೇ ತಿಂಗಳ ಸರಾಸರಿ 430 ದಾಟಿತು. ಕೋಣೆಯೊಳಗೆ ಈ ಅಂಕಿಗಿಂತ ಮೇಲೆ ಎಷ್ಟು ಏರಿದೆಯೋ ಅಷ್ಟು ಪಾಲು ಅಲ್ಲಿರುವವರ ಉಸಿರು ಹೊರಹೋಗದೆ ಉಳಿದಿದೆ ಎಂದು ತಿಳಿಯಬೇಕು.

ಈ ಲೆಕ್ಕವನ್ನು ಮೊದಲು ಹಾಕಿದವರಲ್ಲಿ ಜರ್ಮನಿಯ ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟನ್‌ಕೋಫರ್ ಮುಖ್ಯ. ಮನೆಯೊಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸಾವಿರದಲ್ಲಿ ಒಂದು ಪಾಲು, ಅಂದರೆ 1,000 ಪಿಪಿಎಂ ಮೀರಬಾರದೆಂದು ಅವರು 1858ರಲ್ಲೇ ಬರೆದರು. ಅಷ್ಟು ಅನಿಲವೇ ವಿಷವೆಂಬುದು ಅವರ ವಾದವಾಗಿರಲಿಲ್ಲ. ಜನರ ಮೈಯಿಂದ, ಬಾಯಿಂದ ಬರುವ ನೂರೆಂಟು ಬಗೆಯ ವಸ್ತುಗಳನ್ನು ಒಂದೊಂದಾಗಿ ಅಳೆಯಲಾಗದು, ಇದೊಂದನ್ನು ಅಳೆಯಬಹುದು. ಇದು ಹೆಚ್ಚಿದ್ದರೆ ಅವೂ ಹೆಚ್ಚಿರುತ್ತವೆ ಎಂಬುದು ಅವರ ತರ್ಕ. ಇಂದಿನ ಮೀಟರುಗಳಲ್ಲಿ 1,000ದ ಹತ್ತಿರ ಹಸಿರು ದೀಪ ಹೋಗಿ ಹಳದಿ ಬರುವುದರ ಹಿಂದೆ ಇರುವುದು ಆ ಹಳೆಯ ಅಂಕಿಯೇ.

ಹತ್ತಡಿ, ಹನ್ನೆರಡಡಿಯ ಕೋಣೆ, ಹತ್ತಡಿ ಎತ್ತರದ ಆರ್‌ಸಿಸಿ ಚಾವಣಿ ಎಂದಿಟ್ಟುಕೊಳ್ಳೋಣ. ಒಳಗಿರುವ ಗಾಳಿ 1,200 ಘನ ಅಡಿ, ಸುಮಾರು 34,000 ಲೀಟರು. ನಿದ್ದೆಯಲ್ಲಿರುವ ಒಬ್ಬ ದೊಡ್ಡವರು ಗಂಟೆಗೆ ಹನ್ನೆರಡು, ಹದಿಮೂರು ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಗಂಡ, ಹೆಂಡತಿ, ಒಂದು ಮಗು ಸೇರಿ ಗಂಟೆಗೆ 33 ಲೀಟರ್ ಎಂದುಕೊಂಡರೆ, ಗಾಳಿಯೇ ಆಡದ ಕೋಣೆಯಲ್ಲಿ ಗಂಟೆಗೊಂದು ಸಾವಿರ ಪಿಪಿಎಂನಂತೆ ಏರಬೇಕು. ಯಾವ ಕೋಣೆಯೂ ಅಷ್ಟು ಬಿಗಿಯಾಗಿರುವುದಿಲ್ಲ. ಬಾಗಿಲ ಸಂದಿನಲ್ಲಿ, ಕಿಟಕಿಯ ಚೌಕಟ್ಟಿನಲ್ಲಿ ಒಂದಿಷ್ಟು ಗಾಳಿ ನುಸುಳುತ್ತಲೇ ಇರುತ್ತದೆ. ಎರಡೂವರೆ ಗಂಟೆಗೊಮ್ಮೆ ಕೋಣೆಯ ಗಾಳಿಯೆಲ್ಲ ಬದಲಾಗುವಷ್ಟು ನುಸುಳಿದರೂ ಬೆಳಗಿನ ಜಾವಕ್ಕೆ ಅಂಕಿ 2,700ರ ಆಸುಪಾಸಿಗೆ ಬಂದಿರುತ್ತದೆ. ಎದುರುಬದುರಿನ ಎರಡು ಕಿಟಕಿ ತೆರೆದು ಗಂಟೆಗೆ ಮೂರು ಸಲ ಗಾಳಿ ಬದಲಾಗುವಂತಾದರೆ 750ರ ಹತ್ತಿರ ನಿಲ್ಲುತ್ತದೆ. ಇದಕ್ಕೆ ಮೀಟರು ಬೇಕಿಲ್ಲ, ಪೆನ್ನು ಕಾಗದ ಸಾಕು.

ಹಳೆಯ ಮನೆಗಳಿಗೆ ಈ ತಾಪತ್ರಯ ಅಷ್ಟಿರಲಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಹೆಂಚಿನ ಮನೆಗಳಲ್ಲಿ ಹೆಂಚಿನ ಸಂದು ಸಂದಿನಲ್ಲೂ ಗಾಳಿ ಓಡಾಡುತ್ತಿತ್ತು. ಜಗಳೂರು ಕಡೆಯ ಮಣ್ಣಿನ ಮಾಳಿಗೆಯಲ್ಲಿ ಕಿಟಕಿ ಸಣ್ಣದಿದ್ದರೂ ನೆತ್ತಿಯ ಮೇಲೊಂದು ಗವಾಕ್ಷಿ ಇರುತ್ತಿತ್ತು. ಬಿಸಿಗಾಳಿ ಮೇಲೇರಿ ಅಲ್ಲಿಂದ ಹೋಗುತ್ತಿತ್ತು, ತಂಪುಗಾಳಿ ಬಾಗಿಲಿಂದ ಬರುತ್ತಿತ್ತು. ಆರ್‌ಸಿಸಿ ಬಂದ ಮೇಲೆ ಗವಾಕ್ಷಿ ಹೋಯಿತು. ಪಕ್ಕದ ಸೈಟಿನ ಗೋಡೆ ಹತ್ತಿರವಾಗಿ ಒಂದು ದಿಕ್ಕಿನ ಕಿಟಕಿ ಹೋಯಿತು. ಉಳಿದ ಕಿಟಕಿಗೆ ಜಾರುವ ಗಾಜು ಬಂತು. ಅದನ್ನು ಪೂರ್ತಿ ಸರಿಸಿದರೂ ತೆರೆಯುವುದು ಅರ್ಧ ಮಾತ್ರ.

ಮೇಲೆ ಏಸಿ ಬಂದರಂತೂ ಆ ಅರ್ಧವನ್ನೂ ಮುಚ್ಚುತ್ತಾರೆ. ಗೋಡೆಗೆ ಹಾಕುವ ಸ್ಪ್ಲಿಟ್ ಏಸಿ ಹೊರಗಿನ ಗಾಳಿಯನ್ನು ಒಳಗೆ ತರುತ್ತದೆಂದು ಬಹಳ ಜನ ತಿಳಿದಿದ್ದಾರೆ. ಅದು ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಅಲ್ಲಿಗೇ ಬಿಡುತ್ತದೆ. ಏರ್ ಪ್ಯೂರಿಫೈಯರ್ ಕೂಡ ಅಷ್ಟೇ. ಅದರ ಹೆಪಾ ಫಿಲ್ಟರ್ ದೂಳನ್ನು ಹಿಡಿಯುತ್ತದೆ, ಇಂಗಾಲದ ಡೈಆಕ್ಸೈಡ್‌ನ ಒಂದು ಅಣುವನ್ನೂ ಹಿಡಿಯುವುದಿಲ್ಲ. ಕುಂಡದ ಗಿಡಗಳ ಮೇಲಿನ ನಂಬಿಕೆಯೂ ದೊಡ್ಡದು. ಅಮೆರಿಕದ ನಾಸಾ 1989ರಲ್ಲಿ ಮುಚ್ಚಿದ ಪೆಟ್ಟಿಗೆಗಳಲ್ಲಿ ನಡೆಸಿದ ಪ್ರಯೋಗದಿಂದ ಅದು ಹರಡಿತು. ಅಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಮರುಲೆಕ್ಕ ಹಾಕಿದ ಕಮಿಂಗ್ಸ್ ಮತ್ತು ವೇರಿಂಗ್ ಎಂಬ ಸಂಶೋಧಕರಿಗೆ ಬೇರೆಯೇ ಚಿತ್ರ ಕಂಡಿತು. ಗಾಳಿಯಲ್ಲಿನ ರಾಸಾಯನಿಕಗಳನ್ನು ತೆಗೆಯುವುದರಲ್ಲಿ ಸಾಧಾರಣ ಕಟ್ಟಡದ ಗಾಳಿಯಾಟಕ್ಕೆ ಸಮನಾಗಬೇಕಾದರೆ ಒಂದೊಂದು ಚದರ ಮೀಟರ್ ನೆಲಕ್ಕೆ ಹತ್ತರಿಂದ ಸಾವಿರ ಗಿಡಗಳು ಬೇಕು. ತುಳಸಿ ಕಟ್ಟೆಯಲ್ಲಿ ಚೆನ್ನ. ಕೋಣೆಯ ಗಾಳಿಗೆ ಅದನ್ನು ನಂಬಿ ಕೂರುವಂತಿಲ್ಲ.

ಇಷ್ಟಕ್ಕೂ 2,700 ಪಿಪಿಎಂನಲ್ಲಿ ಒಂದು ರಾತ್ರಿ ಮಲಗಿದರೆ ಏನಾಗುತ್ತದೆ? ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಕೆಲಸಕ್ಕೆ ಅಮೆರಿಕ ಇಟ್ಟಿರುವ ಮಿತಿಯೇ 5,000. ಆ ಲೆಕ್ಕದಲ್ಲಿ ಗಾಬರಿಪಡುವಂಥದ್ದೇನಿಲ್ಲ. ಆದರೆ 2012ರಲ್ಲಿ ಉಷಾ ಸತೀಶ್ ಮತ್ತು ಸಂಗಡಿಗರು 22 ಜನರನ್ನು ಒಂದು ಕೋಣೆಯಲ್ಲಿ ಕೂರಿಸಿ, ಶುದ್ಧ ಇಂಗಾಲದ ಡೈಆಕ್ಸೈಡ್ ಬಿಟ್ಟು, 600, 1,000, 2,500 ಪಿಪಿಎಂಗಳಲ್ಲಿ ತೀರ್ಮಾನ ತೆಗೆದುಕೊಳ್ಳುವ ಪರೀಕ್ಷೆ ಕೊಟ್ಟರು. 1,000ಕ್ಕೇ ಅಂಕಗಳು ಇಳಿಯತೊಡಗಿ 2,500ರಲ್ಲಿ ಚೆನ್ನಾಗಿಯೇ ಕುಸಿದವು. ಡೆನ್ಮಾರ್ಕ್‌ನಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಶುದ್ಧ ಅನಿಲವನ್ನು 3,000ದವರೆಗೆ ಏರಿಸಿದರೂ ವ್ಯತ್ಯಾಸವಾಗಲಿಲ್ಲ. ಅದೇ 3,000 ಪಿಪಿಎಂ ಜನರ ಉಸಿರಿನಿಂದಲೇ, ಮೈಯಿಂದ ಬರುವ ವಸ್ತುಗಳೊಂದಿಗೆ ಸೇರಿ ಬಂದಾಗ ಮಾತ್ರ ತಲೆನೋವು, ಮಂಪರು, ದಣಿವು ಕಾಣಿಸಿಕೊಂಡವು. ಪೆಟನ್‌ಕೋಫರ್ ಹೇಳಿದ್ದಕ್ಕೆ ಇದು ಬಹಳ ಹತ್ತಿರ.

ಕೋಣೆಗೆ ಗಾಳಿಯಾಡಿಸಲು ಅದಕ್ಕಿಂತ ಗಟ್ಟಿಯಾದ ಕಾರಣ ಸೋಂಕು. ಪಕ್ಕದವರ ಉಸಿರು ಕೋಣೆಯಲ್ಲಿ ಉಳಿದರೆ ಅದರೊಂದಿಗೆ ಅವರ ಶೀತ, ಜ್ವರ, ಕ್ಷಯದ ರೋಗಾಣುವೂ ಉಳಿಯುತ್ತದೆ. ತೈವಾನಿನ ತೈಪೆಯ ವಿಶ್ವವಿದ್ಯಾಲಯವೊಂದರಲ್ಲಿ ಕ್ಷಯ ಹಬ್ಬಿದಾಗ ತರಗತಿಗಳ ಗಾಳಿಯಾಟ ಸರಿಪಡಿಸಿ ಇಂಗಾಲದ ಡೈಆಕ್ಸೈಡ್ ಮಟ್ಟವನ್ನು ಸುಮಾರು 3,200ರಿಂದ 600ರ ಹತ್ತಿರಕ್ಕೆ ಇಳಿಸಲಾಯಿತು. ಹೊಸದಾಗಿ ಸಂಪರ್ಕಕ್ಕೆ ಬಂದವರಲ್ಲಿ ಕ್ಷಯ ಶೇ 97ರಷ್ಟು ತಗ್ಗಿತೆಂದು 2020ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳುತ್ತದೆ. ಮನೆಯಲ್ಲಿ ಕೆಮ್ಮುವ ಹಿರಿಯರಿದ್ದರೆ, ಒಂದೇ ಕೋಣೆಯಲ್ಲಿ ನಾಲ್ಕೈದು ಮಕ್ಕಳು ಮಲಗುವುದಿದ್ದರೆ, ಟ್ಯೂಷನ್ನಿಗೆಂದು ಹಾಲ್ ಕೊಟ್ಟಿದ್ದರೆ ಈ ಮೀಟರು ತೋರಿಸುವ ಅಂಕಿಗೆ ಬೆಲೆಯಿದೆ.

ಅಡುಗೆಮನೆಗೆ ಬಂದರೆ ಅದೇ ಮೀಟರು ದಾರಿ ತಪ್ಪಿಸುತ್ತದೆ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು ಮೂರು ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ನಲವತ್ತು ಕಿಲೋಗೂ ಹೆಚ್ಚು. ಹಾಗಾಗಿ ಗ್ಯಾಸ್ ಹಚ್ಚಿದೊಡನೆ ಮೀಟರಿನ ಅಂಕಿ ಜಿಗಿಯುತ್ತದೆ, ಅಲ್ಲಿ ಇರುವವರು ಒಬ್ಬರೇ ಆದರೂ. ಅತ್ತ ಬಾಗಿಲು, ಕಿಟಕಿ ತೆರೆದಿಟ್ಟು ಸೌದೆ ಒಲೆ ಹಚ್ಚಿದ ಅಡುಗೆಮನೆಯಲ್ಲಿ ಅಂಕಿ ಸಾವಿರದ ಒಳಗೇ ಇರಬಹುದು, ಹಸಿರು ದೀಪವೇ ಉರಿಯುತ್ತಿರಬಹುದು. ಒಲೆಯ ಮುಂದೆ ಕೂತವರ ಕಣ್ಣಲ್ಲಿ ಮಾತ್ರ ನೀರು. ಅವರನ್ನು ಕಾಡುವುದು ಹೊಗೆಯೊಳಗಿನ ಅತಿ ಸಣ್ಣ ಕಣ, ಪಿಎಂ 2.5. ಅದನ್ನು ಅಳೆಯುವ ಸೆನ್ಸರೇ ಬೇರೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ಮಿತಿಯಂತೆ ಒಂದು ದಿನದ ಸರಾಸರಿ ಪಿಎಂ 2.5 ಒಂದು ಘನ ಮೀಟರ್ ಗಾಳಿಗೆ 15 ಮೈಕ್ರೊಗ್ರಾಂ ಮೀರಬಾರದು. ಭಾರತದ ಹೊರಗಾಳಿಯ ಮಿತಿ 60. ಸೌದೆ ಒಲೆಯ ಅಡುಗೆಮನೆಗಳಲ್ಲಿ ಬೇಯಿಸುವ ಹೊತ್ತಿಗೆ ಇದು ನೂರುಗಳನ್ನು ದಾಟಿ ಸಾವಿರಗಳಿಗೆ ಹೋಗುತ್ತದೆ. ಕಿರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ಭಾರತೀಯ ಸಹೋದ್ಯೋಗಿಗಳೊಂದಿಗೆ ಗುಜರಾತಿನ ನಾಲ್ಕು ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಮೇಲೆಯೇ ಮಾಪಕ ಕಟ್ಟಿ ಹೊಗೆಯನ್ನು ಅಳೆದು 1983ರಲ್ಲಿ ವರದಿ ಪ್ರಕಟಿಸುವವರೆಗೆ, ವಾಯುಮಾಲಿನ್ಯವೆಂದರೆ ಕಾರ್ಖಾನೆ ಚಿಮಣಿಯ ಮಾತೆಂದೇ ಬಹಳಷ್ಟು ಜನ ತಿಳಿದಿದ್ದರು.

ಮೀಟರಿಲ್ಲದೆಯೂ ಹೊಗೆಯ ಲೆಕ್ಕ ಹಾಕುವ ಒಂದು ದಾರಿಯನ್ನು ಮೈಸೂರಿನ ವೈದ್ಯರು ತೋರಿಸಿದ್ದಾರೆ. ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಯ ಹೆಂಗಸರಲ್ಲಿ ದೀರ್ಘಕಾಲದ ಶ್ವಾಸನಾಳದ ಉರಿಯೂತ, ಅಂದರೆ ಕ್ರಾನಿಕ್ ಬ್ರಾಂಕೈಟಿಸ್, ಎಷ್ಟು ಹೊಗೆಯ ನಂತರ ಬರುತ್ತದೆಂದು ಹುಡುಕಿದರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಅದನ್ನು ಎಷ್ಟು ವರ್ಷದಿಂದ ಎಂಬುದರಿಂದ ಗುಣಿಸಿದರೆ ಬರುವುದು ಹೊಗೆ ಸೂಚ್ಯಂಕ. ಅದು 60 ಮುಟ್ಟಿದಲ್ಲಿಂದ ರೋಗದ ಅಪಾಯ ಎದ್ದುಕಾಣುವಷ್ಟು ಹೆಚ್ಚುತ್ತದೆಂದು ಅವರು 2013ರಲ್ಲಿ ಬರೆದರು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ. ಹದಿನೆಂಟಕ್ಕೆ ಮದುವೆಯಾಗಿ ಬಂದ ಸೊಸೆ ಮೂವತ್ತೆಂಟಕ್ಕೆ ಆ ಗೆರೆ ಮುಟ್ಟುತ್ತಾಳೆ. ತವರಿನಲ್ಲಿ ಅಮ್ಮನ ಜೊತೆ ಒಲೆ ಊದಿದ ವರ್ಷಗಳನ್ನು ಸೇರಿಸಿದರೆ ಇನ್ನೂ ಮೊದಲೇ.

ಹೊಗೆಯನ್ನು ಮನೆಯಿಂದ ಹೊರಗಟ್ಟುವ ಪ್ರಯತ್ನದಲ್ಲಿ ಕರ್ನಾಟಕಕ್ಕೆ ತನ್ನದೇ ಚರಿತ್ರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದು ಕಟ್ಟಿದ ‘ಅಸ್ತ್ರ’ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆ ಮಾಡಿಕೊಂಡು ಹಳ್ಳಿಯ ಅಡುಗೆಯನ್ನೇ ಅಭ್ಯಾಸ ಮಾಡಿತು. ಮೂರು ಪಾತ್ರೆ ಕೂರುವ, ಕೆಳಗೆ ಬೂದಿ ಬೀಳುವ ಜಾಲರಿ, ಹಿಂದೆ ಹೊಗೆಕೊಳವೆ ಇರುವ ಅಸ್ತ್ರ ಒಲೆ 1980ರ ದಶಕದಲ್ಲಿ ರಾಜ್ಯದ ಹಳ್ಳಿ ಹಳ್ಳಿಗೆ ಹೋಯಿತು. ಕೇಂದ್ರ ಸರ್ಕಾರದ ಸುಧಾರಿತ ಒಲೆ ಯೋಜನೆಯೂ ಅದೇ ದಶಕದಲ್ಲಿ ಶುರುವಾಗಿ 2002ರವರೆಗೆ ನಡೆಯಿತು. ಚೆನ್ನಾಗಿ ಕಟ್ಟಿದ, ಮಸಿ ತೆಗೆದು ಇಟ್ಟುಕೊಂಡ ಒಲೆ ಸೌದೆಯನ್ನೂ ಉಳಿಸಿತು, ಕಣ್ಣನ್ನೂ ಉಳಿಸಿತು. ಕೊಳವೆಯಲ್ಲಿ ಮಸಿ ಕಟ್ಟಿಕೊಂಡ ಒಲೆ ಹೊಗೆಯನ್ನು ಮತ್ತೆ ಅಡುಗೆಮನೆಗೇ ತಂದಿತು.

ಕೊಪ್ಪಳ ಜಿಲ್ಲೆಯಲ್ಲಿ ನಡೆದ ಇನ್ನೊಂದು ಪರೀಕ್ಷೆ ಜಗಳೂರಿನಂಥ ಒಣ ಸೀಮೆಯ ಊರಿಗೆ ನೇರವಾಗಿ ಅನ್ವಯಿಸುತ್ತದೆ. ಕಾರ್ಬನ್ ಹಣಕಾಸಿನ ಯೋಜನೆಯಡಿ ಅಲ್ಲಿ ಹಂಚಿದ ಹೊಸ ಮಾದರಿಯ ಒಲೆಗಳಿಂದ ಏನಾಯಿತೆಂದು ಕೆನಡಾ ಮತ್ತು ಅಮೆರಿಕದ ವಿಶ್ವವಿದ್ಯಾಲಯಗಳ ತಂಡ ಮನೆಮನೆಯಲ್ಲಿ ಅಳೆಯಿತು. ಪ್ರಯೋಗಾಲಯದಲ್ಲಿ ಕಂಡ ಉಳಿತಾಯ ಅಡುಗೆಮನೆಯಲ್ಲಿ ಕಾಣಲಿಲ್ಲ. ಹೊಸ ಒಲೆ ಪಡೆದ ಬಹಳಷ್ಟು ಮನೆಗಳು ಹಳೆಯ ಒಲೆಯನ್ನೂ ಹಚ್ಚುತ್ತಲೇ ಇದ್ದವು. 2016ರಲ್ಲಿ ಪ್ರಕಟವಾದ ಈ ಫಲಿತಾಂಶ ಒಲೆ ಕೊಟ್ಟವರಿಗೆ ಕಹಿಯಾಗಿರಬಹುದು, ರೊಟ್ಟಿ ಬಡಿಯುವವರಿಗೆ ಅಚ್ಚರಿಯಲ್ಲ. ದೊಡ್ಡ ಹಂಚಿನ ಜೋಳದ ರೊಟ್ಟಿಗೆ ಬೇಕಾದ ಅಗಲ ಉರಿ ಸಣ್ಣ ಬಾಯಿಯ ಒಲೆಯಲ್ಲಿ ಸಿಗುವುದಿಲ್ಲ.

ಅದೇ 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಶುರುವಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಡುಗೆಗೆ ಶುದ್ಧ ಇಂಧನ ಬಳಸುವ ಕರ್ನಾಟಕದ ಮನೆಗಳು 2015–16ರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಮುಂದಿನ ಸುತ್ತಿನ ಹೊತ್ತಿಗೆ ನೂರಕ್ಕೆ ಸುಮಾರು ಎಂಬತ್ತು. ಗ್ಯಾಸಿನಿಂದ ಗಾಳಿ ಎಷ್ಟು ತಿಳಿಯಾಗುತ್ತದೆಂಬುದಕ್ಕೂ ಅಳತೆಯಿದೆ. ಭಾರತದ ತಮಿಳುನಾಡೂ ಸೇರಿದಂತೆ ನಾಲ್ಕು ದೇಶಗಳಲ್ಲಿ ಸುಮಾರು 3,200 ಗರ್ಭಿಣಿಯರೊಂದಿಗೆ ನಡೆದ ಹಾಪಿನ್ ಅಧ್ಯಯನದಲ್ಲಿ ಸೌದೆ ಒಲೆಯವರು ಉಸಿರಾಡಿದ ಪಿಎಂ 2.5 ಸುಮಾರು 71 ಮೈಕ್ರೊಗ್ರಾಂ, ಗ್ಯಾಸ್ ಕೊಟ್ಟವರದು 24. ಮೂರನೇ ಒಂದು ಪಾಲು. ಆದರೂ ಹುಟ್ಟಿದ ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದು 2022ರಲ್ಲಿ ವರದಿಯಾಯಿತು. ಗಾಳಿ ತಿಳಿಯಾದೊಡನೆ ಆರೋಗ್ಯದ ಲೆಕ್ಕವೆಲ್ಲ ತಾನೇ ಸರಿಹೋಗುತ್ತದೆಂದು ಭಾವಿಸುವಂತಿಲ್ಲ.

ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳಲ್ಲಿ ಗ್ಯಾಸ್ ಬಂದ ಮೇಲೂ ಹೊಗೆ ಮನೆ ಬಿಟ್ಟು ಹೋಗಿಲ್ಲ, ಅಡುಗೆಮನೆಯಿಂದ ಬಚ್ಚಲಿಗೆ ಜರುಗಿದೆ ಅಷ್ಟೆ. ಸ್ನಾನದ ನೀರಿನ ಹಂಡೆಯ ಒಲೆಗೆ ಚನ್ನಗಿರಿಯ ತೋಟದ ಮನೆಯಲ್ಲಿ ಅಡಿಕೆ ಸಿಪ್ಪೆ, ತೆಂಗಿನ ಗರಿ. ಜಗಳೂರಿನಲ್ಲಿ ಮೆಕ್ಕೆಜೋಳದ ದಿಂಡು, ಕುಳ್ಳು. ಎಲ್ಲವೂ ಹೊಲ, ತೋಟ, ಕೊಟ್ಟಿಗೆಯಲ್ಲಿ ಬಿಟ್ಟಿಗೆ ಸಿಗುವಂಥವು. ಅರೆ ಒಣಗಿದ ಸಿಪ್ಪೆ ಹೊಗೆಯನ್ನೇ ಹೆಚ್ಚು ಕೊಡುತ್ತದೆ. ಬಚ್ಚಲು ನಡುಮನೆಗೆ ಅಂಟಿಕೊಂಡಿದ್ದರೆ ಆ ಹೊಗೆ ಮಲಗುವ ಕೋಣೆಗೂ ಬರುತ್ತದೆ. ಪಿಎಂ ಮೀಟರೊಂದನ್ನು ಇಂಥ ಮನೆಯ ನಡುಮನೆಯಲ್ಲಿಟ್ಟರೆ ಮೊದಲ ಏರಿಕೆ ಕಾಣುವುದು ತಿಂಡಿಯ ಹೊತ್ತಿಗಲ್ಲ, ಅದಕ್ಕೂ ಮುಂಚೆ ಹಂಡೆಗೆ ಉರಿ ಹಾಕಿದಾಗ.

ಅಡಿಕೆ ಕೊಯ್ಲಿನ ಕಾಲದಲ್ಲಿ ಹೊರಗಿನ ಹೊಗೆಯೂ ಸೇರುತ್ತದೆ. ಸುಲಿದ ಹಸಿ ಅಡಿಕೆಯನ್ನು ಚೊಗರಿನೊಂದಿಗೆ ದೊಡ್ಡ ಹಂಡೆಗಳಲ್ಲಿ ಬೇಯಿಸುವ ಮನೆಗಳ, ಖೇಣಿದಾರರ ಕಣಗಳ ಪಕ್ಕದಲ್ಲಿದ್ದವರಿಗೆ ಕಿಟಕಿ ತೆರೆಯಿರಿ ಎಂಬ ಬುದ್ಧಿವಾದ ಹೊಂದುವುದಿಲ್ಲ. ಒಲೆ ಉರಿಯುವ ಹೊತ್ತಿನಲ್ಲಿ ಆ ದಿಕ್ಕಿನ ಕಿಟಕಿ ಮುಚ್ಚಿ, ಆಮೇಲೆ ತೆರೆಯಬೇಕು. ಭದ್ರಾ ನಾಲೆಯ ಗದ್ದೆಗಳಲ್ಲಿ ಯಾರಾದರೂ ಭತ್ತದ ಕೂಳೆಗೆ ಬೆಂಕಿಯಿಟ್ಟ ದಿನವೂ ಅಷ್ಟೇ. ಇಂಗಾಲದ ಡೈಆಕ್ಸೈಡ್ ಮೀಟರು ತೆರೆ ಎನ್ನುತ್ತದೆ, ಪಿಎಂ ಮೀಟರು ಮುಚ್ಚು ಎನ್ನುತ್ತದೆ. ಎರಡೂ ಇದ್ದವರು ಯಾವ ಹೊತ್ತಿಗೆ ಯಾವುದರ ಮಾತು ಕೇಳಬೇಕೆಂದು ಎರಡು ಮೂರು ದಿನದಲ್ಲಿ ಕಲಿಯುತ್ತಾರೆ.

ಇನ್ನು ಸೊಳ್ಳೆ. ಗದ್ದೆ, ನಾಲೆ, ತೋಟಗಳ ಸೀಮೆಯಲ್ಲಿ ಸಂಜೆ ಆರಾಯಿತೆಂದರೆ ಕಿಟಕಿ ಮುಚ್ಚುವುದಕ್ಕೆ ಕಾರಣ ಅದೊಂದೇ. ಸೊಳ್ಳೆ ಮನುಷ್ಯನನ್ನು ದೂರದಿಂದ ಪತ್ತೆ ಹಚ್ಚುವುದೇ ಉಸಿರಿನ ಇಂಗಾಲದ ಡೈಆಕ್ಸೈಡ್‌ನಿಂದ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿದರೆ ಎರಡು ತೊಂದರೆ ಒಟ್ಟಿಗೇ ಬರುತ್ತವೆ. ಚೀನಾ ಮತ್ತು ಮಲೇಷ್ಯಾದ ಬತ್ತಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಂದು ಬತ್ತಿ ಪೂರ್ತಿ ಉರಿದರೆ ಹೊಮ್ಮುವ ಸಣ್ಣ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ. ಬೀಡಿ, ಸಿಗರೇಟು ಮುಟ್ಟದ ಮನೆಯಲ್ಲೂ ಮಗುವಿನ ತಲೆದೆಸೆಯಲ್ಲಿ ಇಷ್ಟು ಹೊಗೆ. ಕಿಟಕಿಗೆ ಸೊಳ್ಳೆ ಜಾಲರಿ ಹೊಡೆಸಿ ತೆರೆದಿಡುವುದು, ಮಂಚಕ್ಕೆ ಸೊಳ್ಳೆಪರದೆ ಕಟ್ಟುವುದು ಎರಡಕ್ಕೂ ಒಟ್ಟಿಗೇ ಪರಿಹಾರ. ಜಾಲರಿ ಗಾಳಿಯನ್ನು ತುಸು ತಡೆಯುತ್ತದೆ, ದೂಳು ಕಟ್ಟಿದರೆ ಹೆಚ್ಚು ತಡೆಯುತ್ತದೆ. ತಿಂಗಳಿಗೊಮ್ಮೆ ಬ್ರಷ್ ಹಾಕಿ ತೊಳೆದರೆ ಸಾಕು.

ಮೂರನೆಯ ಗಾಳಿ ಎಲ್ಲಕ್ಕಿಂತ ಅಪಾಯಕಾರಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉರಿಗೆ ಸಾಕಷ್ಟು ಗಾಳಿ ಸಿಗದಾಗ ಹುಟ್ಟುವ ಇಂಗಾಲದ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕಿಟಕಿಯಿಲ್ಲದ ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರ್ ಹಾಕಿಸಿ, ಬಾಗಿಲು ಚಿಲಕ ಹಾಕಿಕೊಂಡು, ಒಳಗೇ ಕುಸಿದು ಸತ್ತವರ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬಾಣಂತಿ ಕೋಣೆಯದೂ ಇದೇ ಕಥೆ. ತಂಡಿ ತಾಗಬಾರದೆಂದು ಬಾಗಿಲು, ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಲೋಬಾನ ಹಾಕುವ ಮನೆಗಳು ಇನ್ನೂ ಇವೆ. ಮೈ ಕಾಯಿಸುವುದೇ ಬೇಡವೆನ್ನುವುದು ಕಷ್ಟ. ಕೆಂಡವನ್ನು ಹೊರಗೆ ಹೊಗೆಯಾಡದಂತೆ ಮಾಡಿ ತಂದರೂ ಮಾನಾಕ್ಸೈಡ್ ಬರುವುದು ನಿಲ್ಲುವುದಿಲ್ಲ, ಹೊಗೆಯಿಲ್ಲದ ಕೆಂಡವೇ ಅದನ್ನು ಹೆಚ್ಚು ಕೊಡುತ್ತದೆ ಎಂಬುದನ್ನಾದರೂ ಮನೆಯ ಅಜ್ಜಿಗೆ ಹೇಳಬೇಕು. ಕಾಯಿಸಿ ಮುಗಿದೊಡನೆ ಕೆಂಡ ಆಚೆ ಹೋಗಬೇಕು, ಒಂದು ಕಿಟಕಿ ತುಸು ತೆರೆದಿರಬೇಕು. ಇಂಗಾಲದ ಡೈಆಕ್ಸೈಡ್ ಮೀಟರಿನಲ್ಲಿ ಈ ಅನಿಲ ಕಾಣುವುದಿಲ್ಲ, ಪಿಎಂ ಮೀಟರಿನಲ್ಲೂ ಕಾಣುವುದಿಲ್ಲ. ಇದಕ್ಕೆ ಕೂಗಿ ಎಚ್ಚರಿಸುವ ಅಲಾರಂ ಬೇರೆಯೇ ಇದೆ. ಗ್ಯಾಸ್ ಗೀಸರ್ ಇದ್ದವರಿಗೆ ಅದು ಮೊದಲ ಖರ್ಚು. ಗೀಸರನ್ನೇ ಸ್ನಾನದ ಮನೆಯ ಹೊರಗಿನ ಗೋಡೆಗೆ ಹಾಕಿಸುವುದು ಇನ್ನೂ ಒಳ್ಳೆಯದು.

ಇಂಗಾಲದ ಡೈಆಕ್ಸೈಡ್ ಮೀಟರು ಕೊಳ್ಳುವವರು ಪೆಟ್ಟಿಗೆಯ ಮೇಲೆ ಎನ್‌ಡಿಐಆರ್ ಎಂದಿದೆಯೇ ನೋಡಬೇಕು. ಈ ಅನಿಲ 4.26 ಮೈಕ್ರೊಮೀಟರ್ ಅಲೆಯುದ್ದದ ಅವಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಒಳಗಿನ ಪುಟ್ಟ ದೀಪದಿಂದ ಹೊರಟ ಬೆಳಕು ಎಷ್ಟು ಕಡಿಮೆಯಾಗಿ ತಲುಪಿತು ಎಂಬುದರಿಂದ ಲೆಕ್ಕ ಸಿಗುತ್ತದೆ. ಅಗ್ಗದ ಪೆಟ್ಟಿಗೆಗಳಲ್ಲಿ ಹಲವು ಇದನ್ನು ಅಳೆಯುವುದೇ ಇಲ್ಲ. ಗಾಳಿಯಲ್ಲಿನ ಬೇರೆ ರಾಸಾಯನಿಕ ಆವಿಗಳನ್ನು ಮೂಸಿ, ಇಂಗಾಲದ ಡೈಆಕ್ಸೈಡ್ ಇಷ್ಟಿರಬಹುದೆಂದು ಊಹಿಸುತ್ತವೆ. ಪತ್ತೆ ಹಚ್ಚುವುದು ಸುಲಭ: ಸ್ಯಾನಿಟೈಜರ್ ಹಾಕಿದ ಕೈಯನ್ನು ಹತ್ತಿರ ಹಿಡಿಯಬೇಕು. ಅಂಕಿ ಸಾವಿರಗಟ್ಟಲೆ ಹಾರಿದರೆ ಅದು ಊಹೆಯ ಮೀಟರು.

ಇನ್ನೆರಡು ಸೂಕ್ಷ್ಮಗಳಿವೆ. ಇಂಥ ಎಷ್ಟೋ ಮೀಟರುಗಳು ಕಳೆದ ವಾರದಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನು ಹೊರಗಾಳಿಯದೆಂದು ಭಾವಿಸಿ ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ. ಸದಾ ಮುಚ್ಚಿದ ಕೋಣೆಯಲ್ಲೇ ಇಟ್ಟರೆ 700ನ್ನೇ 400 ಎಂದುಕೊಂಡು ಸುಳ್ಳು ಸಮಾಧಾನ ಹೇಳತೊಡಗುತ್ತವೆ. ವಾರಕ್ಕೊಮ್ಮೆ ಜಗುಲಿಯ ಮೇಲೆ ಅರ್ಧ ಗಂಟೆ ಇಡಬೇಕು. ಎರಡನೆಯದು ಎತ್ತರ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕಡಿಮೆ ಇರುವುದರಿಂದ ತಿದ್ದದ ಮೀಟರು ನೂರಕ್ಕೆ ಆರೇಳರಷ್ಟು ಕಡಿಮೆ ತೋರಿಸಬಹುದು. ಸೆಟ್ಟಿಂಗಿನಲ್ಲಿ ಎತ್ತರ ನಮೂದಿಸುವ ಅವಕಾಶವಿದ್ದರೆ ಬಳಸಿಕೊಳ್ಳಬೇಕು. ಪಿಎಂ ಮೀಟರುಗಳಿಗೆ ಬೇರೆ ದೌರ್ಬಲ್ಯವಿದೆ. ಅವು ಕಣದ ಮೇಲೆ ಬಿದ್ದು ಚದುರುವ ಬೆಳಕನ್ನು ಎಣಿಸುವುದರಿಂದ ಅನ್ನ ಬಸಿಯುವಾಗಿನ ಹಬೆಯನ್ನೂ ಹೊಗೆಯೆಂದೇ ತಿಳಿಯುತ್ತವೆ.

ಮೀಟರು ಹೇಳಿದ್ದನ್ನು ಕೇಳಿ ಗೋಡೆ ಒಡೆಯುವುದಕ್ಕಿಂತ ಕಟ್ಟುವ ಮೊದಲೇ ಯೋಚಿಸುವುದು ಅಗ್ಗ. ಮನೆಯೊಳಗಿನ ಗಾಳಿಗೆ ಭಾರತದಲ್ಲಿ ಹೊರಗಾಳಿಗಿರುವಂಥ ಕಾನೂನಿನ ಮಿತಿಯಿಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿಗಳೊಂದಿಗೆ ದಾವಣಗೆರೆ ನಗರವೂ ಇದೆ, ಆದರೆ ಅದರ ಕಣ್ಣು ಬೀದಿಯ ಗಾಳಿಯ ಮೇಲೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಮಾತ್ರ ಕಿಟಕಿಗೆ ಲೆಕ್ಕ ಕೊಟ್ಟಿದೆ. ಒಣ ಬಿಸಿಲಿನ ಹವೆಯಲ್ಲಿ ವಾಸದ ಕೋಣೆಯ ನೆಲದ ಹತ್ತನೇ ಒಂದರಷ್ಟು ಕಿಟಕಿ ಇರಬೇಕು, ಮಧ್ಯಮ ಹವೆಯಲ್ಲಿ ಎಂಟನೇ ಒಂದು, ತೇವದ ಬಿಸಿಲಿನಲ್ಲಿ ಆರನೇ ಒಂದು. ಮೇಲೆ ಹೇಳಿದ ಹತ್ತು–ಹನ್ನೆರಡಡಿಯ ಕೋಣೆಗೆ ಜಗಳೂರಿನ ಬಿಸಿಲಿನಲ್ಲಿ ಕನಿಷ್ಠ 12 ಚದರಡಿ, ನ್ಯಾಮತಿಯ ಕಡೆ 15 ಎಂದು ಲೆಕ್ಕ ಹಿಡಿಯಬಹುದು. ಅರ್ಧವೇ ತೆರೆಯುವ ಜಾರುಗಾಜು ಹಾಕಿದರೆ ಆ ಅಳತೆ ಕಾಗದದ ಮೇಲಷ್ಟೇ ಉಳಿಯುತ್ತದೆ. ಆದ್ದರಿಂದ ಪ್ಲಾನ್ ತೋರಿಸಿದ ಎಂಜಿನಿಯರನ್ನೂ ಕಿಟಕಿ ಕೂರಿಸುವ ಮೇಸ್ತ್ರಿಯನ್ನೂ ಮೂರು ಪ್ರಶ್ನೆ ಕೇಳಬೇಕು: ಈ ಕಿಟಕಿ ಎಷ್ಟು ತೆರೆಯುತ್ತದೆ, ಇದರ ಎದುರಿಗೆ ಗಾಳಿ ಹೋಗಲು ಇನ್ನೊಂದು ಕಿಂಡಿ ಎಲ್ಲಿದೆ, ಹಂಡೆ ಒಲೆಯ ಹೊಗೆಕೊಳವೆ ಮಾಳಿಗೆಯಿಂದ ಎಷ್ಟು ಮೇಲೆ ಹೋಗುತ್ತದೆ?